ಟಿವಿಗೆ ಅತ್ತಿ ಅಂದ ಹೂಂ

ನಮ್ಮ ಮನೆಯ ಟಿವಿಯ ಜೊತೆ ನಾನು ಜಗಳವಾಡುತ್ತೇನೆ. ವಾಡಿಯ ರೇಲ್ವೆ ಕ್ವಾರ್ಟರ್ಸಿನಲ್ಲಿ ಇದು ಎಲ್ಲರಿಗೂ ಗೊತ್ತು. ಸಂಜೆ ವಾರ್ತೆ ಶುರುವಾದರೆ ಪಕ್ಕದ ಮನೆಯಾಕೆ ತನ್ನ ಟಿವಿಯ ದನಿ ತಗ್ಗಿಸಿ ನನ್ನ ದನಿ ಕೇಳುತ್ತಾಳೆ. ಯಾವನೋ ಮಂತ್ರಿ ರಿಬ್ಬನ್ ಕತ್ತರಿಸಿ, ನಕ್ಕು, ಕೊರಳಿನ ಹಾರ ತೆಗೆದು ಪಕ್ಕದವನ ಕೈಗೆ ಕೊಟ್ಟು, ಜನರ ಬಾಳು ಹಸನಾಯಿತು ಎಂದನೋ, ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಎದ್ದು ಹೋಗಿ ಅವನೆದುರು ನಿಲ್ಲುತ್ತೇನೆ. ಯಾವ ಜನ, ಎಲ್ಲಿಯ ಜನ, ಊರಿನ ಹೆಸರು ಹೇಳು ಎನ್ನುತ್ತೇನೆ. ಅವನು ಹೇಳುವುದಿಲ್ಲ. ಅವನ ಬೆನ್ನಿಗೇ ಸೋಪಿನ ಜಾಹೀರಾತು ಬರುತ್ತದೆ. ಕಳೆದ ಚುನಾವಣೆಯಲ್ಲಿ ಮತ ಎಣಿಸುವ ಸುದ್ದಿಯ ನಡುನಡುವೆ ಸಿನಿಮಾ ಹಾಡು ಹಾಕಿದರು. ದೇಶ ಯಾರ ಕೈಗೆ ಹೋಯಿತು ಎನ್ನುವುದನ್ನೂ ನಾಯಕಿ ಮರ ಸುತ್ತುವುದನ್ನೂ ಒಂದೇ ತಾಟಿನಲ್ಲಿ ಬಡಿಸಿದರು, ನಮ್ಮ ಓಣಿಯ ಮಂದಿ ಎರಡನ್ನೂ ಚಪ್ಪರಿಸಿ ತಿಂದರು. ನನಗೆ ಮೈಯೆಲ್ಲ ಉರಿಯಿತು.

ನಮ್ಮ ಮನೆಯವರು ಪಾಯಿಂಟ್ಸ್‌ಮನ್. ದಿನವೆಲ್ಲ ರೈಲಿಗೆ ದಾರಿ ತಿರುಗಿಸಿ ಬಂದವರಿಗೆ ಮನೆಯಲ್ಲಿ ಸದ್ದು ಬೇಡ.

"ಅವಗ ಕೇಳಸ್ತದೇನ? ಸುಮ್ನ ಗಂಟ್ಲ ಯಾಕ ಹರ್ಕೋತಿ?" ಎನ್ನುತ್ತಾರೆ.

ಕೇಳಿಸುವುದಿಲ್ಲ ಎಂದು ನನಗೂ ಗೊತ್ತು. ಆದರೂ ಟಿವಿ ಮಾತಾಡುವಾಗ ಸುಮ್ಮನೆ ಕೂತು ತಲೆಯಾಡಿಸುವುದು ನನ್ನಿಂದ ಆಗುವುದಿಲ್ಲ. ನನ್ನ ಸೋದರತ್ತೆ, ನಮ್ಮ ಅತ್ತಿ, ಒಮ್ಮೆ ಟಿವಿಗೆ ಹೂಂ ಅಂದಳು. ಅನ್ನಬಾರದ ಒಂದೇ ಒಂದು ಹೂಂ. ಅದರಿಂದ ಏನಾಯಿತು ಎಂದು ಕಣ್ಣಾರೆ ಕಂಡವಳು ನಾನು.

ಅದು ತುರ್ತು ಪರಿಸ್ಥಿತಿಯ ವರ್ಷ. ಮೊದಲ ಹೆರಿಗೆಗೆಂದು ನಾನು ತವರಿಗೆ ಹೋಗಿದ್ದೆ. ತವರು ಸೇಡಂ ತಾಲೂಕಿನಲ್ಲಿ, ಕಾಗಿಣಾ ನದಿಯ ದಂಡೆಯ ಸಣ್ಣ ಊರು. ಬೆಂಗಳೂರಿನ ಮಂದಿಗೆ ಹೇಳಿದರೆ ನಂಬುವುದಿಲ್ಲ, ಆದರೆ ಅವರ ಊರಿಗೆ ಟಿವಿ ಬರುವುದಕ್ಕೆ ಎಷ್ಟೋ ಮೊದಲು ನಮ್ಮೂರಿಗೆ ಟಿವಿ ಬಂದಿತ್ತು. ಕರೆಂಟು ಬಂದು ಹೋಗಿ ಮಾಡುತ್ತಿದ್ದ, ಮಳೆಗಾಲದಲ್ಲಿ ಬಸ್ಸೇ ಬಾರದ ಊರಿಗೆ, ಆಕಾಶದಿಂದ ನೇರ ಟಿವಿ. ಶಾಲೆಯ ಮಾಳಿಗೆಯ ಮೇಲೆ ಕೋಳಿಗೂಡಿನ ಜಾಳಿಗೆಯಿಂದ ಮಾಡಿದ ದೊಡ್ಡ ಛತ್ರಿಯೊಂದನ್ನು ಅಂಗಾತ ಕೂರಿಸಿದ್ದರು. ಕೆಳಗೆ ಪಡಸಾಲೆಯಲ್ಲಿ ಬಾಗಿಲು, ಬೀಗ ಇದ್ದ ಮರದ ಪೆಟ್ಟಿಗೆಯೊಳಗೆ ಟಿವಿ. ಕೀಲಿ ಶಾಲೆಯ ಮಾಸ್ತರರ ಜನಿವಾರದಲ್ಲಿ. ದಿನಾ ದೀಪ ಹಚ್ಚುವ ಹೊತ್ತಿಗೆ ಅವರು ಬೀಗ ತೆಗೆಯುತ್ತಿದ್ದರು, ಅಂಗಳದ ತುಂಬ ಊರು ಕೂಡುತ್ತಿತ್ತು. ನೆರೆಯೂರು ಆಡಕಿಯ ಬೀಗರೂ ಬುತ್ತಿ ಕಟ್ಟಿಕೊಂಡು ನೋಡಲು ಬರುತ್ತಿದ್ದರು.

ಮುಂದೆ ಒಂದೇ ಕುರ್ಚಿ. ಅದು ಸಾವ್ಕಾರರದು. ನದಿ ದಂಡೆಯ ಕರಿಮಣ್ಣಿನ ಹೊಲಗಳಲ್ಲಿ ಹೆಚ್ಚಿನವು ಅವರವೇ. ಟಿವಿ ತಂದ ಸಾಹೇಬರಿಗೆ ಹಾರ ಹಾಕಿ, ಊಟ ಹಾಕಿ, ಜೀಪಿನಲ್ಲಿ ಕೂತು ಮಾತಾಡಿ ಕಳಿಸಿದವರೂ ಅವರೇ. ಉಳಿದವರಿಗೆಲ್ಲ ನೆಲ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ಹೆಂಗಸರ ಸಾಲಿನ ಮುಂದೆ ನಮ್ಮ ಅತ್ತಿ.

ಅತ್ತಿಗೆ ಆ ಜಾಗ ಯಾಕೆ ಎಂದರೆ ಅವಳು ಊರಿನ ಹೂಂಗುಟ್ಟುವವಳು. ನಮ್ಮ ಕಡೆ ಯಾರಾದರೂ ಕಥೆ ಹೇಳಲು ಕೂತರೆ ಕೇಳುವವರಲ್ಲಿ ಒಬ್ಬರು ಪ್ರತಿ ಮಾತಿಗೂ ಹೂಂ ಅನ್ನಬೇಕು. ಹೂಂ ಬಂದರೆ ಕಥೆ ಮುಂದೆ ಹೋಗುತ್ತದೆ. ಹೂಂ ನಿಂತರೆ ಹೇಳುವವರು ಬಾಯಿ ಮುಚ್ಚಬೇಕು, ಅದೇ ಪದ್ಧತಿ. ಎಲ್ಲರ ಹೂಂ ಒಂದೇ ತೂಕದ್ದಲ್ಲ. ಅತ್ತಿಯ ಹೂಂನಲ್ಲಿ ಎಷ್ಟೋ ಬಗೆ ಇದ್ದವು. ಮೆಚ್ಚಿದ ಹೂಂ, ಅನುಮಾನದ ಹೂಂ, ಸಾಕು ಮುಂದೆ ನಡಿ ಎನ್ನುವ ಹೂಂ. ಹೇಳುವವನು ತೀರ ಬುರುಡೆ ಬಿಟ್ಟರೆ ಮೂಗಿನಿಂದ ಉದ್ದನೆಯ ಊಹೂಂ ಬರುತ್ತಿತ್ತು, ಅದಕ್ಕೆ ಕಟ್ಟೆಯೆಲ್ಲ ನಗುತ್ತಿತ್ತು. ಕಥೆಗಷ್ಟೇ ಅಲ್ಲ, ಎತ್ತಿನ ವ್ಯಾಪಾರಕ್ಕೆ, ಲಗ್ನದ ಮಾತುಕತೆಗೆ, ಅಣ್ಣತಮ್ಮಂದಿರು ಬೇರೆಯಾಗುವುದಕ್ಕೆ ನಾಕು ಮಂದಿಯ ಮುಂದೆ ಹೂಂ ಅಂದರೆ ಮುಗಿಯಿತು. ನಮ್ಮೂರಲ್ಲಿ ಅಂದ ಹೂಂ ತಿರುಗಿ ತಗೊಂಡವರಿರಲಿಲ್ಲ. ತಗೊಂಡಿದ್ದರೆ ಅವರ ಮನೆಗೆ ಯಾರೂ ಹೆಣ್ಣು ಕೊಡುತ್ತಿರಲಿಲ್ಲ.

ಹಾಗಾಗಿ ಟಿವಿ ಮಾತಾಡಲು ಶುರು ಮಾಡಿದ ಮೊದಲ ದಿನವೇ ಊರು ಅತ್ತಿಯ ಕಡೆ ನೋಡಿತ್ತಂತೆ. ಇಷ್ಟು ದೂರದಿಂದ ಬಂದು ಒಬ್ಬ ಮನುಷ್ಯ ಮುಖಕ್ಕೆ ಮುಖ ಕೊಟ್ಟು ಮಾತಾಡುವಾಗ ಹೂಂ ಅನ್ನದೆ ಕೂರುವುದು ಹೇಗೆ? ಅದು ಅವಮಾನವಲ್ಲವೆ? ಅತ್ತಿ ಸೆರಗು ಸರಿ ಮಾಡಿಕೊಂಡು ಹೂಂ ಅಂದಳು. ಅಂದಿನಿಂದ ಅದು ದಿನದ ಕೆಲಸವಾಯಿತು. ನಾನು ದಸರೆ ಮುಗಿಸಿ ತವರಿಗೆ ಹೋಗುವ ಹೊತ್ತಿಗೆ ಅರ್ಧ ಊರು ಟಿವಿ ನೋಡಲು ಬರುತ್ತಿತ್ತು, ಅರ್ಧ ಊರು ಅತ್ತಿಯನ್ನು ಕೇಳಲು.

ಎಷ್ಟು ನಕ್ಕಿದ್ದೇವೆ ಆ ಅಂಗಳದಲ್ಲಿ! ಕನ್ನಡದ ಕಾರ್ಯಕ್ರಮ ಮುಗಿದ ಮೇಲೆ ಹಿಂದಿ ವಾರ್ತೆ. ಅತ್ತಿ ನಿಜಾಮನ ಕಾಲದಲ್ಲಿ ಬೆಳೆದವಳು, ಉರ್ದು ಬರುತ್ತಿತ್ತು. ವಾರ್ತೆಯವನು ಒಂದು ಮಾತು ಹೇಳಿದರೆ ಅವಳು ಅದನ್ನು ಕನ್ನಡಕ್ಕೆ ಇಳಿಸಿ, ತನ್ನದೊಂದು ಸೇರಿಸಿ, ಆಮೇಲೆ ಹೂಂ ಅನ್ನುತ್ತಿದ್ದಳು. ದಿಲ್ಲಿಯಲ್ಲಿ ದೊಡ್ಡವರು ಸಭೆ ಸೇರಿದರೆ, "ಕೂತಾರ. ಏಳೂದು ಯಾವಾಗಂತ ಹೇಳಿಲ್ಲ" ಎನ್ನುವಳು. ಯಾವುದೋ ನೃತ್ಯ ತೋರಿಸಿದರೆ, "ಈಕಿ ಕುಣ್ಯಾಕತ್ತಾಳೋ, ಹಾದ್ಯಾಗ ಮುಳ್ಳ ತುಳದಾಳೋ?" ನೀರಾವರಿಯ ಪಾಠ ಹೇಳಲು ಬಂದ ಅಧಿಕಾರಿ ಕಾಲುವೆಯ ನೀರನ್ನು ಮಿತವಾಗಿ ಬಳಸಿ ಎಂದಾಗ ನಮ್ಮ ಸೀಮೆಯಲ್ಲಿ ಕಾಲುವೆಯೇ ಇರಲಿಲ್ಲ. "ಮೊದ್ಲ ಕೊಡಪ್ಪಾ, ಆಮ್ಯಾಲ ಮಿತಿ ಹೇಳು" ಎಂದು ಅತ್ತಿ ಊಹೂಂ ಅಂದಳು. ಸಾವ್ಕಾರರೂ ಕುರ್ಚಿಯಲ್ಲಿ ಹೊಟ್ಟೆ ಕುಣಿಸಿ ನಕ್ಕರು. ಆಗ ಅವರಿಗೂ ಅದು ತಮಾಷೆಯೇ ಆಗಿತ್ತು.

ಒಂದು ದಿನ ವಾರ್ತೆಯವನು ದೇಶದಲ್ಲಿ ರೈಲುಗಳೆಲ್ಲ ಸರಿಯಾದ ಹೊತ್ತಿಗೆ ಓಡುತ್ತಿವೆ ಎಂದ. ಅತ್ತಿ ಹೂಂ ಅನ್ನಲಿಲ್ಲ. ಹಿಂದೆ ತಿರುಗಿ ನನ್ನನ್ನು ನೋಡಿದಳು.

"ನೀ ಜಂಕ್ಷನ್ನಿನಾಕಿ. ಖರೇ ಏನಬೇ ಇದು?"

"ನಾ ಬಂದ ಗಾಡಿ ಚಿತ್ತಾಪುರದಾಗ ನಿಂತು ನಿಂತು, ಸೇಡಂ ಮುಟ್ಟೂದ್ರಾಗ ಅಪ್ಪನ ಬಂಡಿ ವಾಪಸ್ ಹೋಗಿತ್ತಲ್ಲ ಅತ್ತಿ" ಎಂದೆ.

ಅತ್ತಿ ಟಿವಿಯ ಕಡೆ ತಿರುಗಿ, "ಊಹೂಂ. ನಮ್ಮ ಹುಡುಗಿ ಬಸುರಿದ್ದಾಕಿ, ಬಿಸಲಾಗ ನಿಂತಾಳ. ಮುಂದಿಂದ ಹೇಳು" ಎಂದಳು. ಆ ವರ್ಷ ದೇಶದಲ್ಲಿ ದೊಡ್ಡ ದೊಡ್ಡವರು ಬಾಯಿಗೆ ಬೀಗ ಹಾಕಿಕೊಂಡಿದ್ದರು ಎಂದು ಆಮೇಲೆ ಓದಿದ್ದೇನೆ. ಪತ್ರಿಕೆಯವರು, ವಕೀಲರು, ಪ್ರೊಫೆಸರರು. ಓದು ಬಾರದ ನನ್ನ ಅತ್ತಿ ದಿನಾ ಸಂಜೆ ಊರ ಮುಂದೆ ಕೂತು ಸರ್ಕಾರದ ಮಾತನ್ನು ತೂಗಿ ನೋಡುತ್ತಿದ್ದಳು. ನನಗೆ ಈಗಲೂ ಅದರ ಹೆಮ್ಮೆ ಇದೆ, ಅದನ್ನು ಮುಚ್ಚಿಡುವುದಿಲ್ಲ.

ಇನ್ನು ಅತ್ತಿಯ ಹೊಲದ ಮಾತು. ಅತ್ತಿ ಗಂಡ ಸತ್ತ ಮೇಲೆ ತವರಿಗೆ ಬಂದವಳು. ನಾನು ಹುಟ್ಟುವುದಕ್ಕೆ ಮುಂಚಿನಿಂದಲೂ ಸಾವ್ಕಾರರ ನದಿ ದಂಡೆಯ ಒಂದು ಹೊಲವನ್ನು ಪಾಲಿಗೆ ಮಾಡುತ್ತಿದ್ದಳು. ಬೆಳೆದ ಜೋಳ, ತೊಗರಿಯಲ್ಲಿ ಅವರ ಪಾಲು ಅವರ ಮನೆಗೆ ಮುಟ್ಟಿಸಿ ಉಳಿದದ್ದರಲ್ಲಿ ಬದುಕುತ್ತಿದ್ದಳು. ಮಣ್ಣು ನದಿಗೆ ಕೊಚ್ಚಿ ಹೋಗುತ್ತದೆಂದು ತಾನೇ ಕಲ್ಲು ಹೊತ್ತು ಹೊತ್ತು ಕೆಳಗಿನ ಬದಿಗೆ ಒಂದು ವಡ್ಡು ಹಾಕಿದ್ದಳು. ನಾವು ಸಣ್ಣವರಿದ್ದಾಗ ಅದರ ಮೇಲೆ ಕೂತು ಬುತ್ತಿ ಉಣ್ಣುತ್ತಿದ್ದೆವು. ಆಮೇಲೆ ಉಳುವವನಿಗೇ ಹೊಲ ಎಂಬ ಕಾನೂನು ಬಂತು. ಕಾನೂನಿನ ಸುದ್ದಿ ನಮಗೆ ಮುಟ್ಟುವ ಮೊದಲೇ ಸಾವ್ಕಾರರಿಗೆ ಮುಟ್ಟಿತ್ತು. ಆ ವರ್ಷ ಮಳೆಯಾಗಿ ಹೊಲ ಹದಕ್ಕೆ ಬಂದ ಬೆಳಿಗ್ಗೆ ಅತ್ತಿ ಕೂರಿಗೆ ತಗೊಂಡು ಹೋದರೆ, ಅವರ ಅಣ್ಣನ ಮಗ ಆಗಲೇ ಅಲ್ಲಿ ಬಿತ್ತುತ್ತಿದ್ದ. "ಇನ್ನ ಮ್ಯಾಲ ನಾವೇ ಮಾಡ್ತೀವಿ" ಎಂದನಂತೆ. ಅತ್ತಿ ನನ್ನ ಅಪ್ಪನ ಜೊತೆ ಸೇಡಮ್ಮಿನ ತಾಲೂಕು ಕಚೇರಿಗೆ ಹೋಗಿ, ಹೊಲ ಉಳುತ್ತಿದ್ದವಳು ನಾನು ಎಂದು ಅರ್ಜಿ ಕೊಟ್ಟು ಬಂದಳು. ಹೊಲದ ತಕರಾರು ನೋಡುವ ಸಾಹೇಬರು ಊರಿಗೇ ಬಂದು, ಹೊಲದಲ್ಲೇ ನಿಂತು, ಮಂದಿಯನ್ನು ಕೇಳಿ ತೀರ್ಮಾನ ಮಾಡುತ್ತಾರೆ ಎಂದು ಹೇಳಿ ಕಳಿಸಿದ್ದರು. ಅತ್ತಿಗೆ ಅದರಿಂದ ಧೈರ್ಯ ಬಂದಿತ್ತು. ಯಾರು ಉಳುತ್ತಿದ್ದರೆಂದು ಊರಿನ ನಾಯಿಗೂ ಗೊತ್ತಿತ್ತು.

ಎಳ್ಳಮಾಸಿ ಹಬ್ಬ ಮುಗಿದು ನನಗೆ ಮಗ ಹುಟ್ಟಿದ್ದ. ಬಾಣಂತಿಗೆ ಗಾಳಿ ಆಗದೆಂದು ಅವ್ವ ಬಯ್ದರೂ ಕೇಳದೆ, ತಲೆಗೆ ಬಟ್ಟೆ ಕಟ್ಟಿಕೊಂಡು, ಕೂಸನ್ನು ಸೆರಗಿನಲ್ಲಿ ಹಾಕಿಕೊಂಡು ಸಂಜೆ ಅಂಗಳಕ್ಕೆ ಹೋಗುತ್ತಿದ್ದೆ. ಅಂಥ ಒಂದು ಸಂಜೆ ರೈತರ ಕಾರ್ಯಕ್ರಮ ಬಂತು. ಒಳ್ಳೆಯ ದನಿಯ ಒಬ್ಬ ಮನುಷ್ಯ, ಕಾಣದೆ, ಪುಸ್ತಕದ ಕನ್ನಡದಲ್ಲಿ ಹೇಳುತ್ತಿದ್ದ: ತಲೆತಲಾಂತರದಿಂದ ಪರರ ಹೊಲದಲ್ಲಿ ದುಡಿದವರು ಇಂದು ಒಡೆಯರಾಗಿದ್ದಾರೆ. ಅತ್ತಿ ಹೂಂ ಅಂದಳು. ಇಗೋ ನೋಡಿ, ಕಾಗಿಣಾ ತೀರದ ಒಬ್ಬ ಬಡ ರೈತ. ಹೂಂ ಅರ್ಧಕ್ಕೇ ನಿಂತಿತು.

ಟಿವಿಯಲ್ಲಿ ಇದ್ದದ್ದು ಅತ್ತಿಯ ಹೊಲ. ಆ ವಡ್ಡು, ಅದರ ಮೂಲೆಯ ಜೋಡಿ ಬೇವು, ಹಿಂದೆ ನದಿ. ವಡ್ಡಿನ ಮೇಲೆ ಹೊಸ ರುಮಾಲು ಸುತ್ತಿಕೊಂಡು ನಿಂತಿದ್ದವನು ಸಾವ್ಕಾರರ ಅಣ್ಣನ ಮಗ. ಹಿಂಗಾರಿ ಜೋಳ ಮೊಣಕಾಲೆತ್ತರ ಇದ್ದಾಗ ಯಾರೋ ಕ್ಯಾಮೆರಾ ಹೊತ್ತು ಬಂದು ಹೋದದ್ದು ಎಲ್ಲರಿಗೂ ನೆನಪಿತ್ತು, ಎಲ್ಲಿ ಹೋಗಿ ಏನು ತೆಗೆದರೆಂದು ಗೊತ್ತಿರಲಿಲ್ಲ. ಆ ಗೂಳಿ ಕೈ ಮುಗಿದು ಹೇಳುತ್ತಿದ್ದ: ಈ ಹೊಲಾ ನಾನೇ ಉಳತೀನ್ರಿ, ಈಗ ನಂದೇ ಆಗ್ಯದ್ರಿ, ಸರ್ಕಾರ ನಮ್ಮ ಪಾಲಿಗಿ ದೇವರಿದ್ದಂಗ್ರಿ. ಬಡ ರೈತನಂತೆ! ಅವನ ಮನೆಯ ದನದ ಕೊಟ್ಟಿಗೆ ನಮ್ಮ ಮನೆಗಿಂತ ದೊಡ್ಡದು.

ಅತ್ತಿ ಎದ್ದು ನಿಂತಳು. ಕೂತಲ್ಲಿಂದಲೇ ಹೂಂ ಅನ್ನುವವಳು ಅಂದು ಎದ್ದಳು.

"ಊಹೂಂ! ಊಹೂಂ! ಅದು ನನ್ನ ಹೊಲಾ. ಆ ವಡ್ಡು ನಾ ಹಾಕೀನಿ. ಇವ ನಿಂತಾನಲ್ಲ, ಇವನ ಅಂಗಾಲಿಗಿ ಆ ಮಣ್ಣ ಹತ್ತಿಲ್ಲ. ಸುಳ್ಳ ಹೇಳಾಕತ್ತಾರ!"

ಮೊದಲು ಹೆಂಗಸರು, ಆಮೇಲೆ ಗಂಡಸರು, ಇಡೀ ಅಂಗಳ ಊಹೂಂ ಅಂದಿತು. ಯಾರೋ ಸಿಳ್ಳೆ ಹಾಕಿದರು. ನನ್ನ ಕೂಸು ಎಚ್ಚರಾಗಿ ಅತ್ತಿತು. ಸಾವ್ಕಾರರು ನಗಲಿಲ್ಲ. ಕುರ್ಚಿಯಿಂದ ಎದ್ದು, ಹೆಗಲ ಮೇಲಿನ ಟವೆಲು ಝಾಡಿಸಿ, ಮಾಸ್ತರರ ಕಡೆ ಒಮ್ಮೆ ನೋಡಿ ಹೊರಟುಹೋದರು.

ಮರುದಿನ ಸಂಜೆ ಪೆಟ್ಟಿಗೆಯ ಬೀಗ ತೆಗೆಯಲಿಲ್ಲ. ಕೆಟ್ಟಿದೆ ಎಂದರು ಮಾಸ್ತರರು. ಅದರ ಮರುದಿನವೂ ಕೆಟ್ಟೇ ಇತ್ತು. ನಾಕಾರು ದಿನ ಕಳೆದ ಮೇಲೆ ಕಾರಣ ಹೊರಬಂತು. ಸರ್ಕಾರದ ಮಾತಿಗೆ ಊಹೂಂ ಅನ್ನುವ ಊರಿನಲ್ಲಿ ಟಿವಿ ಇಡುವುದಿಲ್ಲವಂತೆ, ಮೇಲಿನವರಿಗೆ ಸುದ್ದಿ ಮುಟ್ಟಿದೆಯಂತೆ, ಜೀಪು ತಂದು ಹೊತ್ತುಕೊಂಡು ಹೋಗುತ್ತಾರಂತೆ. ಆ ಮುದುಕಿ ಇನ್ನು ಮುಂದೆ ಎಲ್ಲದಕ್ಕೂ ಹೂಂ ಅಂದರೆ ನಾನೇ ಮಾತಾಡಿ ಉಳಿಸುತ್ತೇನೆ ಎಂದು ಸಾವ್ಕಾರರು ದೊಡ್ಡ ಮನಸ್ಸು ಮಾಡಿದ್ದರು.

ಆಗ ನೋಡಬೇಕಿತ್ತು ನಮ್ಮ ಮಂದಿಯ ಬಣ್ಣ. ಅತ್ತಿಯ ಜೊತೆ ನಿಂತು ಊಹೂಂ ಅಂದವರೇ ಒಬ್ಬೊಬ್ಬರಾಗಿ ನಮ್ಮ ಮನೆಗೆ ಬಂದರು. ಸಂಜೆ ಹೊತ್ತು ಹೋಗುವುದಿಲ್ಲ ಎಂದರು. ಹುಡುಗರು ಅಳುತ್ತಾರೆ ಎಂದರು. ಆಡಕಿಯ ಬೀಗರ ಮುಂದೆ ಮರ್ಯಾದೆ ಹೋಯಿತು ಎಂದರು. ಬೊಂಬೆಯಾಟ ಬರುವುದಿತ್ತು, ನಿನ್ನಿಂದ ತಪ್ಪಿತು ಎಂದಳು ಅತ್ತಿಯ ಬಾಲ್ಯದ ಗೆಳತಿ. ಒಬ್ಬಳ ಹೊಲ ಹೋಗುತ್ತಿದೆ, ಇವರಿಗೆ ಬೊಂಬೆಯಾಟದ ಚಿಂತೆ! ನಾನು ಬಾಣಂತಿಯ ಕೋಣೆಯಿಂದಲೇ ಒದರಿದೆ. ನಿಮ್ಮ ಬಾಯಿಗೆ ಮಣ್ಣು ಬೀಳಲಿ ಎಂದೆ. ಅವ್ವ ಓಡಿ ಬಂದು ನನ್ನ ಬಾಯಿ ಮುಚ್ಚಿದಳು.

ಕೊನೆಗೆ ಅಪ್ಪನೇ ಅತ್ತಿಯ ಮುಂದೆ ಕೂತ.

"ಅಕ್ಕಾ, ಊರು ಎದುರ ಹಾಕ್ಕೊಂಡು ಹ್ಯಾಂಗ ಬದಕೂದು? ನಾಳಿ ಸಾಹೇಬರು ಹೊಲಕ್ಕ ಬಂದ್ರ ಈ ಮಂದೀನೇ ಸಾಕ್ಷಿ ಹೇಳಬೇಕು. ಇವರ ಮನಸ್ಸ ಮುರದ್ರ ನಿನ್ನ ಪರ ಯಾರು ನಿಂದ್ರತಾರ?"

"ಅದು ಸುಳ್ಳ ಹೇಳದ್ರೂ ಹೂಂ ಅನಲೇನು ತಮ್ಮಾ?"

"ಪೆಟಗಿಗಿ ತಾನ ಅಕ್ಕಾ? ಮನಷಾಗಲ್ಲಲ್ಲ."

"ಅಪ್ಪಾ, ಬ್ಯಾಡ" ಎಂದೆ ನಾನು. "ಅತ್ತಿ, ನೀ ಅನಬ್ಯಾಡ."

ಅತ್ತಿ ಕೈಯಲ್ಲಿದ್ದ ತೊಗರಿಯ ಮೊರವನ್ನು ಕೆಳಗಿಟ್ಟಳು. ಸಾಕ್ಷಿಯ ಮಾತು ಅವಳನ್ನು ಹಿಡಿದಿತ್ತು. ಊರು ತನ್ನ ಕಡೆ ಉಳಿದರೆ ಹೊಲ ಉಳಿಯುತ್ತದೆ, ಊರನ್ನು ಉಳಿಸಿಕೊಳ್ಳಲು ಪೆಟ್ಟಿಗೆಗೆ ಹೂಂ ಅಂದರೆ ಸಾಕು. ಅವಳ ಲೆಕ್ಕದಲ್ಲಿ ತಪ್ಪೇನಿತ್ತು ಎಂದು ಈಗಲೂ ನನಗೆ ಹೇಳಲು ಬರುವುದಿಲ್ಲ. ಆಗಲಿ ಎಂದಳು.

ಟಿವಿ ಆ ಸಂಜೆಯೇ ರಿಪೇರಿಯಾಯಿತು. ಅತ್ತಿ ಎಂದಿನ ಜಾಗದಲ್ಲಿ ಕೂತು ಎಲ್ಲದಕ್ಕೂ ಹೂಂ ಅಂದಳು. ಕಾಲುವೆಗೆ ಹೂಂ, ರೈಲಿಗೆ ಹೂಂ, ಮಂತ್ರಿಗೆ ಹೂಂ. ಎಲ್ಲ ಒಂದೇ ಬಗೆಯ ಹೂಂ, ಬಿಕ್ಕಳಿಕೆ ಬಂದವರ ಹಾಗೆ. ಯಾರೂ ನಗುತ್ತಿರಲಿಲ್ಲ, ಆದರೂ ಬರುತ್ತಿದ್ದರು, ನೋಡುತ್ತಿದ್ದರು. ಕೆಲವು ದಿನ ಕಳೆದ ಮೇಲೆ ಆ ರೈತರ ಕಾರ್ಯಕ್ರಮವನ್ನೇ ಮತ್ತೆ ಹಾಕಿದರು. ಅದೇ ವಡ್ಡು, ಅದೇ ಜೋಡಿ ಬೇವು, ಅದೇ ಹೊಸ ರುಮಾಲು. ಈ ಹೊಲಾ ನಾನೇ ಉಳತೀನ್ರಿ, ಈಗ ನಂದೇ ಆಗ್ಯದ್ರಿ. ಸಾವ್ಕಾರರು ಕುರ್ಚಿಯನ್ನು ಹಿಂದಕ್ಕೆ ತಿರುಗಿಸಿ, ಟಿವಿಗೆ ಬೆನ್ನು ಮಾಡಿ, ಅತ್ತಿಯ ಮುಖವನ್ನೇ ನೋಡುತ್ತ ಕೂತರು. ಅಂಗಳವೂ ಅವಳನ್ನೇ ನೋಡಿತು. ನನ್ನ ಭುಜಕ್ಕೆ ತಾಗಿ ಕೂತಿದ್ದವಳು ಸೆರಗು ಸರಿ ಮಾಡಿಕೊಂಡಳು.

"ಹೂಂ" ಎಂದಳು.

"ಕೇಳಸ್ಲಿಲ್ಲ ನೋಡ್ರಿ ಹಿಂದಿನವರಿಗಿ" ಎಂದರು ಸಾವ್ಕಾರರು.

"ಹೂಂ!" ಎಂದಳು ಅತ್ತಿ, ಊರಿಗೆಲ್ಲ ಕೇಳುವ ಹಾಗೆ.

ಹೊಲದ ತೀರ್ಮಾನಕ್ಕೆ ಸಾಹೇಬರು ಬಂದದ್ದು ಯುಗಾದಿಯ ಹಿಂದುಮುಂದು. ಹೊಲದಲ್ಲಿ ಬೇವಿನ ನೆರಳಿಗೆ ಕುರ್ಚಿ ಹಾಕಿದ್ದರು, ಅದೇ ಟಿವಿಯ ಮುಂದಿನ ಕುರ್ಚಿ. ಊರು ಸುತ್ತ ನಿಂತಿತ್ತು. ಕೂಸಿನ ಜೊತೆ ನಾನೂ ಹೋಗಿದ್ದೆ. ಈ ಹೊಲ ಯಾರು ಉಳುತ್ತಿದ್ದರು ಎಂದು ಸಾಹೇಬರು ಕೇಳಿದರು. ಯಾರಾದರೂ ಬಾಯಿ ಬಿಡುವ ಮೊದಲೇ ಸಾವ್ಕಾರರು ಕೈ ಮುಗಿದು ಮುಂದೆ ಬಂದರು.

"ನಾ ಹೇಳೂದ ಬ್ಯಾಡ್ರಿ ಸಾಹೇಬ್ರ. ಈ ಹೊಲಾ ನಮ್ಮ ಅಣ್ಣನ ಮಗ ಉಳತಾನ, ಅವಂದೇ ಅದ ಅಂತ ಸರ್ಕಾರದ ಟಿವಿಯಾಗೇ ಬಂದದ್ರಿ. ಆಗ ಈ ಹೆಣಮಗಳು ಊರ ಮುಂದ ಕುಂತು ಹೂಂ ಅಂದಾಳ್ರಿ. ಒಂದ ಸಲ ಅಲ್ಲ, ಎರಡ ಸಲ. ಮಂದೀನ ಕೇಳ್ರಿ."

ಸಾಹೇಬರು ಮಂದಿಯನ್ನು ಕೇಳಿದರು. ಹಿರಿಯನೊಬ್ಬ ಟೊಪ್ಪಿಗೆ ತೆಗೆದು, ನೆಲ ನೋಡುತ್ತ, "ಅಂದಾಳ್ರಿ" ಎಂದ. ಅದರ ಹಿಂದೆ ಇನ್ನೊಬ್ಬ, "ಖರೇ ಅದರಿ, ಅಂದಾಳ" ಎಂದ. ಅತ್ತಿಯ ಗೆಳತಿಯೂ ಅಂದಳು. ಒಬ್ಬರೂ ಸುಳ್ಳು ಹೇಳಲಿಲ್ಲ. ನನಗೆ ಇಂದಿಗೂ ಕುದಿಯುವುದು ಇದಕ್ಕೇ. ಸುಳ್ಳು ಸಾಕ್ಷಿ ಹೇಳಿದ್ದರೆ ಬಾಯಿಗೆ ಬಂದಂತೆ ಬಯ್ದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಯಾವ ಹೂಂ ಅನ್ನಲು ಇವರೇ ಅವಳ ಕಾಲು ಹಿಡಿದರೋ, ಆ ಹೂಂ ಅವಳು ಅಂದದ್ದು ನಿಜ ಎಂದು ಇವರೇ ಪ್ರಾಮಾಣಿಕವಾಗಿ ಹೇಳಿದರು. ಅದಕ್ಕೂ ಮೊದಲು ಏನಾಯಿತೆಂದು ಸಾಹೇಬರು ಕೇಳಲಿಲ್ಲ, ಇವರೂ ಹೇಳಲಿಲ್ಲ. ಅಪ್ಪ ಎರಡು ಮಾತು ಹೇಳಲು ಹೋದ. ನೀನು ಆಕೆಯ ತಮ್ಮ, ನಿನ್ನ ಸಾಕ್ಷಿ ನಡೆಯದು ಎಂದರು. ನಾನೂ ಒದರಿದೆ. ಕೂಸು ಹೊತ್ತವರು ಬಿಸಿಲಲ್ಲಿ ನಿಲ್ಲಬೇಡಿ ಎಂದರು.

"ಏನಮ್ಮಾ, ನೀನು ಹೂಂ ಅಂದದ್ದು ಹೌದೋ ಅಲ್ಲೋ?"

ಅಲ್ಲ ಅನ್ನು ಅತ್ತಿ, ಅಲ್ಲ ಅಂದುಬಿಡು ಎಂದು ನಾನು ಮನಸ್ಸಿನಲ್ಲೇ ಬಡಕೊಂಡೆ. ಆದರೆ ಅಂದ ಹೂಂ ಇಲ್ಲವೆನ್ನುವುದು ಅವಳಿಗೆ ಬರುತ್ತಿರಲಿಲ್ಲ. ಹುಟ್ಟಿದಂದಿನಿಂದ ಅವಳ ಹತ್ತಿರ ಇದ್ದದ್ದು ಅದೊಂದೇ.

"ಅಂದೀನ್ರಿ ಸಾಹೇಬ್ರ. ಆದರ ಅದು ಪೆಟಗಿಗಿ ಅಂದ ಹೂಂರಿ. ಮನಷಾಗ ಅಂದದ್ದಲ್ಲ."

ಸಾಹೇಬರು ನಕ್ಕರು. ಜೊತೆಗೆ ಬಂದವರೂ ನಕ್ಕರು. ಪಾಪ, ಅವರಿಗೆ ಅದು ಬಿಸಿಲ ಹೊತ್ತಿನ ಒಂದು ತಮಾಷೆ. ಊಟ ಸಾವ್ಕಾರರ ಮನೆಯಲ್ಲಿತ್ತು. ಹೊಲ ಹೋಯಿತು ಎಂದು ಕಾಗದ ಬಂದದ್ದು ಆಮೇಲೆ, ನಮಗೆ ಅವತ್ತೇ ಗೊತ್ತಾಗಿತ್ತು.

ನಾನು ವಾಡಿಗೆ ಹೊರಟುಬಂದೆ. ಅಪ್ಪನ ಜೊತೆ ಬಹಳ ದಿನ ಮಾತು ಬಿಟ್ಟಿದ್ದೆ. ಪಂಚಮಿ ಹಬ್ಬಕ್ಕೆ ಕರೆಯಲು ಬಂದಾಗ ಅತ್ತಿಯ ಸಲುವಾಗಿ ಹೋದೆ. ನಾನು ಹೋದ ಮರುದಿನವೇ ಜೀಪು ಬಂತು. ಇಬ್ಬರು ಮಾಳಿಗೆ ಹತ್ತಿ ಜಾಳಿಗೆಯ ಛತ್ರಿ ಬಿಚ್ಚಿದರು, ಒಬ್ಬ ಪೆಟ್ಟಿಗೆಗೆ ಗೋಣಿತಾಟು ಸುತ್ತಿದ. ಊರು ಸುತ್ತ ನೆರೆದು ಬಾಯಿ ಬಾಯಿ ಬಿಟ್ಟಿತು.

"ಯಾಕ್ರಿ? ಈಗ ನಾವೇನ ತಪ್ಪ ಮಾಡೀವ್ರಿ? ಹೂಂ ಅಂತಾನೇ ಇದ್ದೀವಲ್ರಿ!" ಎಂದು ಹಿರಿಯನೊಬ್ಬ ಕೇಳಿದ.

ಮೆಕ್ಯಾನಿಕ್ಕನಿಗೆ ಏನೂ ತಿಳಿಯಲಿಲ್ಲ. "ತಪ್ಪೇನಿಲ್ಲ ಅಜ್ಜಾ. ಇದು ಒಂದೇ ವರ್ಷಕ್ಕೆ ಅಂತ ಕೊಟ್ಟಿದ್ದು. ವರ್ಷ ಮುಗೀತು, ಎಲ್ಲಾ ಊರಿಂದಾನೂ ತೆಗೀತಿದ್ದೀವಿ. ಹಾಕೋ ದಿನಾನೇ ಹೇಳಿದ್ವಲ್ಲ, ನಿಮ್ಮ ಸಾವ್ಕಾರ್ರಿಗೆ, ಮಾಸ್ತರ್ರಿಗೆ" ಎಂದ.

ಎಲ್ಲರೂ ಮಾಸ್ತರರ ಕಡೆ ತಿರುಗಿದರು. ಅವರು ಜನಿವಾರದಿಂದ ಕೀಲಿ ಬಿಚ್ಚುತ್ತಿದ್ದರು. ಬಿಚ್ಚುತ್ತಲೇ ಇದ್ದರು. ಸಾವ್ಕಾರರು ಆ ದಿನ ಅಲ್ಲಿ ಇರಲಿಲ್ಲ, ಹೊಲದಲ್ಲಿದ್ದರು. ಹೇಗಿದ್ದರೂ ಹೋಗುವ ಟಿವಿಯನ್ನು ಹೋಗುತ್ತದೆ ಎಂದು ಹೆದರಿಸಿ, ಉಳಿಸುತ್ತೇನೆ ಎಂದು ನಂಬಿಸಿ, ಒಬ್ಬ ವಿಧವೆಯ ಬಾಯಿಂದ ಹೂಂ ಕಿತ್ತುಕೊಂಡಿದ್ದರು. ನಾನು ಅಂಗಳದಲ್ಲಿ ನಿಂತು ಮಾಸ್ತರರಿಗೆ ಅಂದ ಮಾತುಗಳನ್ನು ಇಲ್ಲಿ ಬರೆಯಲು ಬರುವುದಿಲ್ಲ. ಬರೆಯಲು ನಾಚಿಕೆ ಎಂದಲ್ಲ, ಅಚ್ಚು ಹಾಕುವವರು ಬಿಡುವುದಿಲ್ಲ.

ಪೆಟ್ಟಿಗೆಯನ್ನು ಜೀಪಿಗೆ ಏರಿಸಿದಾಗ ಅತ್ತಿ ಗುಂಪಿನಿಂದ ಹೊರಗೆ ಬಂದಳು. ಜೀಪಿನ ಹಿಂದೆ ನಿಂತು, ಭಿಕ್ಷೆಗೆ ಒಡ್ಡುವ ಹಾಗೆ ಎರಡೂ ಕೈಯಲ್ಲಿ ಸೆರಗು ಒಡ್ಡಿದಳು.

"ಯಪ್ಪಾ, ಇದರಾಗ ನಂದೊಂದು ಹೂಂ ಉಳದದ. ತಗದು ಇದರಾಗ ಹಾಕಿ ಹೋಗ್ರಿ."

ಮೆಕ್ಯಾನಿಕ್ಕ ನಕ್ಕುಬಿಟ್ಟ. ಅದರೊಳಗೆ ಏನೂ ಇರುವುದಿಲ್ಲ ಅಜ್ಜಿ, ಬರೀ ತಂತಿ, ಬಲ್ಬು ಎಂದು ತಿಳಿಸಿ ಹೇಳಲು ಹೋದ. ಹಳ್ಳಿಯ ಮುದುಕಿಗೆ ಯಂತ್ರ ತಿಳಿಯದು ಎಂದು ಅವನು ಅಂದುಕೊಂಡ. ಯಂತ್ರದಲ್ಲಿ ಏನಿರುತ್ತದೆ ಎಂದು ಅತ್ತಿಗೆ ಅವನಿಗಿಂತ ಚೆನ್ನಾಗಿ ಗೊತ್ತಿತ್ತು. ಜೀಪು ಹೊರಟಿತು. ಅದು ಹಳ್ಳ ದಾಟುವವರೆಗೂ ಅತ್ತಿ ಒಡ್ಡಿದ ಸೆರಗು ಇಳಿಸಲಿಲ್ಲ. ಆಮೇಲೆ ಊರಲ್ಲಿ ಕಥೆ ಹೇಳಲು ಯಾರು ಕೂತರೂ ಅವಳು ಹೂಂ ಅನ್ನಲಿಲ್ಲ, ಅವಳು ಅನ್ನದ್ದರಿಂದ ಯಾರೂ ಹೇಳಲಿಲ್ಲ.

ಈಗ ಅತ್ತಿ ನನ್ನ ಹತ್ತಿರ ವಾಡಿಯಲ್ಲೇ ಇದ್ದಾಳೆ. ಸಂಜೆ ವಾರ್ತೆ ಶುರುವಾದರೆ ನಾನು ಹಿಟ್ಟಿನ ಕೈಯಲ್ಲಿ ಎದ್ದು ಹೋಗಿ ಒದರುತ್ತೇನೆ. ಅವಳು ಟಿವಿಗೆ ಬೆನ್ನು ಮಾಡಿ, ಗೋಡೆಗೆ ಮುಖ ಮಾಡಿ ಕೂರುತ್ತಾಳೆ. ಮೊನ್ನೆ ಅದರಲ್ಲಿ ಒಬ್ಬ ಮಂತ್ರಿ, ದೇಶದಲ್ಲಿ ಉಳುವವರೆಲ್ಲ ಒಡೆಯರಾಗಿ ಎಷ್ಟೋ ವರ್ಷವಾಯಿತು ಎಂದ. ನಾನು ಕೂಗಿ ಕೂಗಿ ದಣಿದು ತಿರುಗಿ ನೋಡಿದೆ. ಗೋಡೆಯ ಕಡೆಗೆ ಮುಖ ಮಾಡಿದ್ದ ಅತ್ತಿ ಸೆರಗಿನ ಅಂಚನ್ನು ಬಾಯಲ್ಲಿ ತುರುಕಿಕೊಂಡು ಗಟ್ಟಿಯಾಗಿ ಕಚ್ಚಿ ಹಿಡಿದಿದ್ದಳು.